ನಲ್ಲಿ ಎಲ್ಲಿತ್ತು? ಬರ್ಮಿಂಗ್‌ಹ್ಯಾಮಿನ ವಠಾರಗಳಲ್ಲಿ ನಾಲ್ಕು ದಿನ

ಮೊದಲ ದಿನ: ಹರ್ಸ್ಟ್ ಸ್ಟ್ರೀಟಿನ ಮೂಲೆ

ಬರ್ಮಿಂಗ್‌ಹ್ಯಾಮಿನ ನ್ಯೂ ಸ್ಟ್ರೀಟ್ ರೈಲು ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಹರ್ಸ್ಟ್ ಸ್ಟ್ರೀಟೂ ಇಂಜ್ ಸ್ಟ್ರೀಟೂ ಕೂಡುವ ಮೂಲೆ ಸಿಗುತ್ತದೆ. ಪಕ್ಕದಲ್ಲೇ ಹಿಪ್ಪೊಡ್ರೋಮ್ ನಾಟಕಶಾಲೆ, ಸುತ್ತ ಚೀನೀ ಹೋಟೆಲುಗಳು. ಅವುಗಳ ನಡುವೆ ಕೆಂಪು ಇಟ್ಟಿಗೆಯ, ಮೂರಂತಸ್ತಿನ ಪುಟ್ಟ ಮನೆಗಳ ಸಾಲು. ಇದು ಹದಿನೈದನೇ ನಂಬರಿನ ‘ಕೋರ್ಟ್’. ಇಲ್ಲಿ ಕೋರ್ಟ್ ಎಂದರೆ ನ್ಯಾಯಾಲಯವಲ್ಲ. ನಡುವೆ ಅಂಗಳ, ಸುತ್ತ ಮನೆ, ಎಲ್ಲರಿಗೂ ಸೇರಿ ಒಂದು ನಲ್ಲಿ. ನಮ್ಮಲ್ಲಿ ವಠಾರ ಅನ್ನುವುದು ಇದನ್ನೇ.

ಇಲ್ಲಿನ ಹನ್ನೊಂದು ಮನೆಗಳನ್ನು ಕಟ್ಟಿದ್ದು 1802ರಿಂದ 1831ರ ನಡುವೆ. ಒಂದು ಅಂತಸ್ತಿಗೆ ಒಂದೇ ಕೋಣೆ. ಬೀದಿಗೆ ಮುಖ ಮಾಡಿದ ಮನೆಯ ಬೆನ್ನಿಗೆ ಬೆನ್ನು ಕೊಟ್ಟು ಅಂಗಳಕ್ಕೆ ಮುಖ ಮಾಡಿದ ಇನ್ನೊಂದು ಮನೆ. ನಡುವಿನ ಗೋಡೆ ಎರಡಕ್ಕೂ ಒಂದೇ. ಮೂರು ಕಡೆ ಪಕ್ಕದವರ ಗೋಡೆ ಆದ್ದರಿಂದ ಕಟ್ಟುವವನಿಗೆ ಇಟ್ಟಿಗೆ ಉಳಿಯಿತು, ಇದ್ದವರಿಗೆ ಕಿಟಕಿ ಒಂದೇ ಕಡೆ ಉಳಿಯಿತು. ಗಾಳಿ ಒಳಗೆ ಬಂದರೆ ಹೊರಗೆ ಹೋಗಲು ದಾರಿಯಿಲ್ಲ. ತೇವ, ಬೂಷ್ಟು, ಕೆಮ್ಮು, ಎಲ್ಲಕ್ಕೂ ಮೂಲ ಈ ನಕ್ಷೆಯೇ. ಮೊದಲ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ ಈ ಊರಿನಲ್ಲಿ ಇಂಥ ಮನೆಗಳು ಸುಮಾರು 43,000 ಇದ್ದವು, ಅವುಗಳಲ್ಲಿ ಸುಮಾರು ಎರಡು ಲಕ್ಷ ಜನ. ಈಗ ಊರಿನಲ್ಲಿ ಪೂರ್ತಿಯಾಗಿ ಉಳಿದ ವಠಾರ ಇದೊಂದೇ. 1966ರಲ್ಲಿ ಇಲ್ಲಿ ವಾಸ ನಿಂತಿತು, ಬೀದಿಬದಿಯ ಅಂಗಡಿಗಳು ಮಾತ್ರ ಮುಂದುವರಿದವು. ದುರಸ್ತಿಯಾಗಿ 2004ರಿಂದ, ಹಳೆಯ ತಾಣಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ಜನರಿಗೆ ತೋರಿಸುತ್ತಿದೆ.

ಟಿಕೆಟ್ ಮೊದಲೇ ಕಾದಿರಿಸಬೇಕು; ಸಣ್ಣ ಗುಂಪುಗಳಲ್ಲಿ ಮಾರ್ಗದರ್ಶಿಯ ಜೊತೆಗಷ್ಟೇ ಪ್ರವೇಶ. ಮೆಟ್ಟಿಲು ಕಡಿದು, ಕಿರಿದು, ಸುತ್ತಿಕೊಂಡು ಏರುತ್ತದೆ. ಬೆನ್ನಿಗೆ ಚೀಲ ಹಾಕಿಕೊಂಡರೆ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಮಂಡಿನೋವಿರುವವರು ಟಿಕೆಟ್ ಕೊಳ್ಳುವ ಮುಂಚೆಯೇ ವಿಚಾರಿಸುವುದು ಒಳ್ಳೆಯದು. ಹೋಗುವುದಾದರೆ ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಬೇಕು. ಜುಲೈ ಬಿಸಿಲಿನಲ್ಲಿ ಈ ಮನೆಗಳು ಗೊಂಬೆಮನೆಯಂತೆ ಮುದ್ದಾಗಿ ಕಾಣುತ್ತವೆ, ಅದು ಸುಳ್ಳು ಚಿತ್ರ.

ಒಳಗೆ 1840ರ, 1870ರ, 1930ರ ಮತ್ತು 1970ರ ದಶಕದ ಮನೆಗಳನ್ನು ಸಜ್ಜುಗೊಳಿಸಿದ್ದಾರೆ. 1940–60ರ ನಡುವೆ ಇಂಥ ವಠಾರಗಳಲ್ಲಿ ಬೆಳೆದವರ ನೆನಪಿಗೆ ಹತ್ತಿರ ಇರುವುದು 1930ರ ಮನೆ. ಆಮೇಲಿನ ಮೂವತ್ತು ವರ್ಷ ಇಂಥ ಕೋಣೆಗಳಲ್ಲಿ ರೇಡಿಯೊ ಬಿಟ್ಟರೆ ಹೆಚ್ಚೇನೂ ಬದಲಾಗಲಿಲ್ಲ. ಅಲ್ಲಿ ಸಾವಕಾಶವಾಗಿ ನಿಲ್ಲಿ.

ಅಂಗಳದಲ್ಲಿ ಒಗೆಯುವ ಮನೆಯಿದೆ. ಬರೆಯುವಾಗ ‘ಬ್ರೂಹೌಸ್’, ಊರವರ ಬಾಯಲ್ಲಿ ‘ಬ್ರೂವಸ್’. ಅಲ್ಲಿ ಬೆಳೆದವರ ಮಾತೆಲ್ಲ ಸುತ್ತಿ ಬರುವುದು ಇಲ್ಲಿಗೇ, ಆದ್ದರಿಂದ ಅದರ ಕೆಲಸ ಹೇಗೆ ನಡೆಯುತ್ತಿತ್ತು ಎಂದು ವಿವರವಾಗಿ ತಿಳಿದಿರಬೇಕು. ಮೂಲೆಯಲ್ಲಿ ಇಟ್ಟಿಗೆ ಕಟ್ಟೆ, ಅದರೊಳಗೆ ಹೂತ ಹಂಡೆ, ಕೆಳಗೆ ಒಲೆ. ನಮ್ಮ ಹಳೆಯ ಬಚ್ಚಲುಮನೆ ಕಂಡವರಿಗೆ ಬೇರೆ ವಿವರಣೆ ಬೇಡ. ಪ್ರತಿ ಮನೆಗೂ ವಾರದಲ್ಲಿ ಒಂದು ಸರದಿ. ಎಲ್ಲರಿಗೂ ಬೇಕಾದದ್ದು ಸೋಮವಾರ. ಭಾನುವಾರದ ಊಟದಲ್ಲಿ ಉಳಿದ ಮಾಂಸ ಸೋಮವಾರಕ್ಕೆ ಒದಗುತ್ತಿತ್ತು, ಒಗೆಯುವ ದಿನ ಅಡುಗೆಗೆ ನಿಲ್ಲಬೇಕಿರಲಿಲ್ಲ.

ಹಿಂದಿನ ರಾತ್ರಿಯೇ ಬಟ್ಟೆ ನೆನೆಹಾಕಬೇಕು. ಬೆಳಕು ಹರಿಯುವ ಮುಂಚೆ ಎದ್ದು ನಲ್ಲಿಯಿಂದ ಬಕೆಟ್ ಬಕೆಟಾಗಿ ನೀರು ಹೊತ್ತು ಹಂಡೆ ತುಂಬಿ ಬೆಂಕಿ ಹಾಕಬೇಕು. ಸೋಪನ್ನು ಚಾಕುವಿನಿಂದ ಹೆರೆದು, ಸ್ವಲ್ಪ ವಾಷಿಂಗ್ ಸೋಡಾ ಸೇರಿಸಬೇಕು. ಮೊದಲು ಬಿಳಿ ಬಟ್ಟೆ ಕುದಿಯಬೇಕು. ಬಣ್ಣದ್ದು ಮೊದಲು ಹಾಕಿದರೆ ಆ ನೀರು ಬಿಳಿಗೆ ಆಗದು, ಮತ್ತೆ ಹಂಡೆ ತುಂಬಲು ಕಲ್ಲಿದ್ದಲೂ ಇಲ್ಲ, ಹೊತ್ತೂ ಇಲ್ಲ. ಕುದಿದ ಬಟ್ಟೆಯನ್ನು ಕೋಲಿನಿಂದ ಎತ್ತಿ ತೊಟ್ಟಿಗೆ ಹಾಕಿ, ‘ಡಾಲಿ’ಯಿಂದ ತಿರುವಬೇಕು. ಡಾಲಿ ಎಂದರೆ ಸಣ್ಣ ಮಣೆಗೆ ಕಾಲುಗಳನ್ನು ಕೂರಿಸಿ, ಮೇಲೆ ಉದ್ದ ಹಿಡಿ ಹಾಕಿದ ಸಾಧನ. ಕಡೆಗೋಲಿನಂತೆ ಅತ್ತ ಇತ್ತ ತಿರುಗಿಸುವುದು. ಆಮೇಲೆ ಎರಡು ಸಲ ಜಾಲಿಸಿ, ಬಿಳಿಗೆ ನೀಲಿ ಅದ್ದಿ, ಕಾಲರಿಗೆ ಗಂಜಿ ಹಾಕಿ, ಮ್ಯಾಂಗಲಿಗೆ ಕೊಡಬೇಕು. ಅದು ಎರಡು ಮರದ ರೋಲರುಗಳ ನಡುವೆ ಬಟ್ಟೆಯನ್ನು ಹಿಂಡುವ ಯಂತ್ರ, ಕಬ್ಬಿನ ಗಾಣದ ತಮ್ಮ ಅನ್ನಬಹುದು. ಗುಂಡಿಗಳನ್ನು ಒಳಕ್ಕೆ ಮಡಿಸಿ ಕೊಡದಿದ್ದರೆ ಪಟಪಟ ಒಡೆಯುತ್ತವೆ. ಹಿಡಿ ತಿರುಗಿಸುವ ಕೆಲಸ ಶಾಲೆಯಿಂದ ಮಧ್ಯಾಹ್ನ ಊಟಕ್ಕೆ ಬಂದ ಮಕ್ಕಳ ಪಾಲಿಗೆ ಬರುತ್ತಿತ್ತು, ರೋಲರಿಗೆ ಬೆರಳು ಸಿಕ್ಕುವ ಭಯವೂ ಅವರದೇ.

ಇಷ್ಟಾದ ಮೇಲೆ ಅಂಗಳದ ಹಗ್ಗಕ್ಕೆ ಹಾಕಿದ ಬಟ್ಟೆಯ ಮೇಲೆ ನೂರಾರು ಚಿಮಣಿಗಳ ಮಸಿ ಉದುರುತ್ತಿತ್ತು. ಮಳೆ ಬಂದರೆ ಇರುವ ಒಂದೇ ಕೋಣೆಯಲ್ಲಿ ಒಲೆಯ ಮುಂದೆ ಹರವಬೇಕು. ಆ ಹಬೆಯೆಲ್ಲ ತಣ್ಣನೆಯ ಗೋಡೆಗೆ ತಾಗಿ ನೀರಾಗಿ ಇಳಿಯುತ್ತಿತ್ತು. ‘ಸೋಮವಾರದ ವಾಸನೆ’ ಎಂದು ಹಿರಿಯರು ಹೇಳಿದರೆ ಒದ್ದೆ ಬಟ್ಟೆ, ಸೋಪು, ಹೊಗೆ ಮೂರೂ ಸೇರಿದ ಆ ವಾಸನೆಯೆಂದು ತಿಳಿಯಬೇಕು.

ಕಕ್ಕಸು ಅಂಗಳದ ತುದಿಯಲ್ಲಿ, ಎರಡು ಮೂರು ಮನೆಗೆ ಒಂದು. ಅದರ ಬೀಗದಕೈಗೆ ದಾರ ಮುಗಿದ ಮರದ ರೀಲು ಕಟ್ಟಿ ಬಾಗಿಲ ಹಿಂದೆ ನೇತುಹಾಕುತ್ತಿದ್ದರು. ಒಳಗೆ ಸುದ್ದಿಪತ್ರಿಕೆಯನ್ನು ಚೌಕವಾಗಿ ಕತ್ತರಿಸಿ ದಾರಕ್ಕೆ ಪೋಣಿಸಿದ್ದು. ಚಳಿಗಾಲದಲ್ಲಿ ಪೈಪು ಹೆಪ್ಪುಗಟ್ಟದಂತೆ ಪುಟ್ಟ ಸೀಮೆಎಣ್ಣೆ ದೀಪವೊಂದನ್ನು ಕೆಳಗಿಡಬೇಕು. ದೀಪ ಆರಿದ ರಾತ್ರಿ ಪೈಪಿನೊಳಗಿನ ನೀರು ಮಂಜುಗಡ್ಡೆಯಾಗಿ ಹಿಗ್ಗಿ ಸೀಸದ ಪೈಪನ್ನು ಸೀಳುತ್ತಿತ್ತು. ಸೀಳಿದ್ದು ಗೊತ್ತಾಗುತ್ತಿದ್ದುದು ಮಂಜು ಕರಗಿದ ದಿನ.

ಸ್ನಾನ ಶುಕ್ರವಾರ ರಾತ್ರಿ. ಗೋಡೆಯ ಮೊಳೆಗೆ ನೇತುಹಾಕಿದ್ದ ತಗಡಿನ ತೊಟ್ಟಿಯನ್ನು ಒಲೆಯ ಮುಂದೆ ಇಳಿಸಿ, ಕಾಯಿಸಿದ ನೀರು ಸುರಿದು, ಒಬ್ಬರಾದ ಮೇಲೆ ಒಬ್ಬರು ಅದೇ ನೀರಿನಲ್ಲಿ. ಕೊನೆಯವರ ಸರದಿಗೆ ನೀರು ಬೂದುಬಣ್ಣವಾಗಿ ಉಗುರುಬೆಚ್ಚಗೆ ಉಳಿದಿರುತ್ತಿತ್ತು. ತುಂಬಿದ ತೊಟ್ಟಿಯನ್ನು ಎತ್ತಲಾಗದು, ಬಕೆಟಿನಲ್ಲಿ ತೋಡಿ ಅಂಗಳಕ್ಕೆ ಚೆಲ್ಲಬೇಕು.

‘ಆಗ ಎಲ್ಲರೂ ಒಂದೇ ಮನೆಯವರಂತೆ ಇದ್ದೆವು’ ಎಂಬ ಮಾತು ಈ ಅಂಗಳದಲ್ಲಿ ನಿಂತಾಗ ಸ್ಪಷ್ಟವಾಗುತ್ತದೆ. ಒಂದು ನಲ್ಲಿ, ಒಂದು ಹಂಡೆ, ಹಂಚಿಕೊಂಡ ಬೀಗದಕೈ. ಇವೇ ಜನರನ್ನು ದಿನಕ್ಕೆ ಹತ್ತು ಸಲ ಎದುರುಬದುರು ನಿಲ್ಲಿಸುತ್ತಿದ್ದವು. ಸಾಲ ಕೊಟ್ಟ ಒಂದು ಲೋಟ ಸಕ್ಕರೆಯೂ ಅಲ್ಲೇ, ಸರದಿ ತಪ್ಪಿಸಿದ್ದಕ್ಕೆ ತಿಂಗಳುಗಟ್ಟಲೆ ಮಾತು ಬಿಟ್ಟದ್ದೂ ಅಲ್ಲೇ. ನೆನಪಿನ ಪ್ರೀತಿ ನಿಜ, ಗೋಡೆಯ ತೇವವೂ ನಿಜ. ಒಂದನ್ನು ಹೇಳಲು ಇನ್ನೊಂದನ್ನು ಅಳಿಸಬಾರದು.

ಮೂಲೆಯಲ್ಲಿ ಹಳೆಯ ಮಾದರಿಯ ಮಿಠಾಯಿ ಅಂಗಡಿಯಿದೆ. ಅಲ್ಲಿಗೆ ಹೋಗುವ ಮುಂಚೆ ಹಳೆಯ ಲೆಕ್ಕ ಗೊತ್ತಿರಲಿ: ಹನ್ನೆರಡು ಪೆನ್ನಿಗೆ ಒಂದು ಷಿಲಿಂಗ್, ಇಪ್ಪತ್ತು ಷಿಲಿಂಗಿಗೆ ಒಂದು ಪೌಂಡ್. ಒಂದು ಪೆನ್ನಿಗೆ ನಾಲ್ಕು ಫಾರ್ದಿಂಗ್, ಫಾರ್ದಿಂಗಿಗೆ ಒಂದು ‘ಬ್ಲ್ಯಾಕ್ ಜ್ಯಾಕ್’ ಮಿಠಾಯಿ. ನಮ್ಮಲ್ಲಿ ಆಣೆ ಹೋಗಿ ನಯಾಪೈಸೆ ಬಂದದ್ದು 1957ರಲ್ಲಿ. ಇಂಗ್ಲೆಂಡ್ ನೂರರ ಲೆಕ್ಕಕ್ಕೆ ಬಂದದ್ದು 15 ಫೆಬ್ರವರಿ 1971ರಂದು. ಮಿಠಾಯಿಗೆ ರೇಷನ್ 1942ರಿಂದ. 1949ರ ಏಪ್ರಿಲಿನಲ್ಲಿ ತೆಗೆದುಹಾಕಿದಾಗ ಅಂಗಡಿಗಳು ಖಾಲಿಯಾಗಿ, ಆಗಸ್ಟಿನಲ್ಲಿ ಮತ್ತೆ ಹೇರಬೇಕಾಯಿತು. ಕೊನೆಗೂ ಹೋದದ್ದು 5 ಫೆಬ್ರವರಿ 1953ರಂದು. ಆ ದಿನವನ್ನು ಆಗಿನ ಮಕ್ಕಳು ಹಬ್ಬದಂತೆ ನೆನೆಯುತ್ತಾರೆ.

ಎರಡನೆಯ ದಿನ: ಬೀದಿಯೇ ಇಲ್ಲದ ವಿಳಾಸಗಳು

ಬೆಳಿಗ್ಗೆ ಸೆಂಟಿನರಿ ಸ್ಕ್ವೇರಿನ ಬರ್ಮಿಂಗ್‌ಹ್ಯಾಮ್ ಗ್ರಂಥಾಲಯ. ಅಲ್ಲಿನ ವುಲ್ಫ್‌ಸನ್ ದಾಖಲೆ ವಿಭಾಗಕ್ಕೆ ಸಮಯ ಮೊದಲೇ ಗೊತ್ತುಮಾಡಿಕೊಂಡು ಹೋಗಬೇಕು. ನೋಡಬೇಕಾದದ್ದು ಮತದಾರರ ಪಟ್ಟಿ, ಹಳೆಯ ಬೀದಿ ಡೈರೆಕ್ಟರಿ, ವಠಾರಗಳನ್ನು ಒಡೆಯುವ ಮುಂಚಿನ ಫೋಟೊಗಳು. ಇಲ್ಲಿ ಹೊಸಬರು ಎಡವುವ ಒಂದು ಜಾಗವಿದೆ. ಅಂಗಳದ ಮನೆಗಳಿಗೆ ಸ್ವಂತ ಬೀದಿ ನಂಬರ್ ಇರುತ್ತಿರಲಿಲ್ಲ. ‘47ರ ಹಿಂದಿನ 3’ ಎಂದೋ, ‘ಇಷ್ಟನೇ ವಠಾರದ ಇಷ್ಟನೇ ಮನೆ’ ಎಂದೋ ಬರೆಯುತ್ತಿದ್ದರು. ಬರಿಯ 47 ಹುಡುಕಿದರೆ ಬೀದಿಬದಿಯ ಮನೆಯ ಹೆಸರು ಸಿಕ್ಕು, ನಮಗೆ ಬೇಕಾದ ಕುಟುಂಬ ತಪ್ಪಿಹೋಗುತ್ತದೆ. ‘ಹಿಂದಿನ’ ಎಂಬ ಮಾತಿಗಾಗಿ ಕಣ್ಣಿಟ್ಟು ಹುಡುಕಬೇಕು.

ಬಣ್ಣದ ಚಿತ್ರ ಬೇಕೆಂದರೆ ಫಿಲಿಸ್ ನಿಕ್ಲಿನ್ ಅವರ ಸ್ಲೈಡುಗಳು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಭೂಗೋಳ ಕಲಿಸುತ್ತಿದ್ದ ಇವರು ಪಾಠಕ್ಕೆಂದು 1953ರಿಂದ 1969ರವರೆಗೆ ಊರನ್ನು ತೆಗೆದಿಟ್ಟರು. ಒಡೆಯುವ ಮುಂಚೆ, ಒಡೆಯುವಾಗ, ಕಟ್ಟಿದ ಮೇಲೆ, ಎಲ್ಲವೂ ಇವೆ. ಕಪ್ಪುಬಿಳುಪು ಚಿತ್ರದಲ್ಲಿ ಕಾಣದ ಒಂದು ಸಂಗತಿ ಇವುಗಳಲ್ಲಿ ಕಾಣುತ್ತದೆ: ಕೆಂಪು ಇಟ್ಟಿಗೆಯ ಮೇಲೆ ಕೂತ ಮಸಿಯ ಬಣ್ಣ.

ಮಧ್ಯಾಹ್ನ ಲೇಡಿವುಡ್, ಆಮೇಲೆ ಡಡ್ಸ್ಟನ್ ಕಡೆಗೆ ನಡಿಗೆ. ಎರಡನೇ ಮಹಾಯುದ್ಧದಲ್ಲಿ ಈ ಊರಿನ ಮೇಲೆ ಬಿದ್ದ ಬಾಂಬುಗಳಿಗೆ 2,241 ಜನ ಬಲಿಯಾದರು. ಬಾಂಬು ಬಿದ್ದ ಜಾಗಗಳು 1950ರ ದಶಕದವರೆಗೂ ಹಾಗೆಯೇ ಬಿದ್ದಿದ್ದು ಮಕ್ಕಳ ಆಟದ ಬಯಲಾದವು. ಅಲ್ಲಿ ‘ಟಿಪ್‌ಕ್ಯಾಟ್’ ಆಡುತ್ತಿದ್ದರು. ಎರಡೂ ತುದಿ ಚೂಪಾದ ಮರದ ತುಂಡನ್ನು ಕೋಲಿನಿಂದ ಎಬ್ಬಿಸಿ ಹೊಡೆಯುವುದು, ಅಂದರೆ ನಮ್ಮ ಚಿನ್ನಿದಾಂಡೇ. ಬಾಂಬಿಗೆ ಬೀಳದೆ ಉಳಿದ ವಠಾರಗಳನ್ನು ನಗರಸಭೆ ಒಡೆಸಿತು. ಹರ್ಬರ್ಟ್ ಮ್ಯಾನ್‌ಜೋನಿ ನಗರದ ಮುಖ್ಯ ಎಂಜಿನಿಯರಾಗಿದ್ದ 1935–63ರ ಅವಧಿಯಲ್ಲಿ ಐದು ದೊಡ್ಡ ಪ್ರದೇಶಗಳನ್ನು ಬುಡಸಮೇತ ತೆಗೆದು ಹೊಸದಾಗಿ ಕಟ್ಟುವ ಯೋಜನೆ ಜಾರಿಗೆ ಬಂತು. ಡಡ್ಸ್ಟನ್ನಿನಲ್ಲಿ 1950ರ ದಶಕದ ಮೊದಲ ಭಾಗದಲ್ಲಿ ಎದ್ದ ಹನ್ನೆರಡು ಅಂತಸ್ತಿನ ನಾಲ್ಕು ಗೋಪುರಗಳು ಆ ಕೆಲಸದ ಮೊದಲ ಫಲಗಳು.

ಹಳೆಯ ಬೀದಿ ಹುಡುಕುವವರು ನಕ್ಷೆಯೊಂದನ್ನೇ ನಂಬಬಾರದು. ಬೀದಿಯ ಹೆಸರು ಉಳಿದಿದ್ದರೂ ಬೀದಿ ಜಾಗ ಬದಲಿಸಿರುತ್ತದೆ. ಅಲುಗದೆ ಉಳಿಯುವವು ಚರ್ಚು, ಶಾಲೆ, ಕಾಲುವೆ ಸೇತುವೆ, ರೈಲು ಕಮಾನು. ಇವುಗಳಲ್ಲಿ ಎರಡನ್ನು ಹಿಡಿದು, ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಅಂತರ್ಜಾಲದಲ್ಲಿ ಬಿಟ್ಟಿರುವ ಹಳೆಯ ಸರ್ವೆ ನಕ್ಷೆಯನ್ನು ಇಂದಿನ ನಕ್ಷೆಯ ಮೇಲೆ ಹೊದಿಸಿ ನೋಡಿದರೆ ಅಂಗಳ ಎಲ್ಲಿತ್ತೆಂದು ಕೆಲವೇ ಅಡಿಗಳ ಅಂತರದಲ್ಲಿ ಹೇಳಬಹುದು. ಬಹಳ ಸಲ ಅಲ್ಲಿ ಈಗ ಹುಲ್ಲುಹಾಸು ಇರುತ್ತದೆ.

ಮೂರನೆಯ ದಿನ: ಹತ್ತು ವರ್ಷಕ್ಕೆಂದು ಕಟ್ಟಿದ ಮನೆ

ಮೋಸ್ಲಿಯ ವೇಕ್ ಗ್ರೀನ್ ರಸ್ತೆಯಲ್ಲಿ 1945ರ ಹದಿನಾರು ‘ಪ್ರಿಫ್ಯಾಬ್’ ಬಂಗಲೆಗಳು ಸಾಲಾಗಿ ನಿಂತಿವೆ. ಕಾರ್ಖಾನೆಯಲ್ಲಿ ಬಿಡಿಭಾಗ ಮಾಡಿ, ನಿವೇಶನದ ಕಾಂಕ್ರೀಟು ಹಾಸಿನ ಮೇಲೆ ಜೋಡಿಸಿದ ಮನೆಗಳಿವು. ಬಾಂಬಿನಿಂದ ಮನೆ ಕಳೆದುಕೊಂಡವರಿಗೆ, ಯುದ್ಧದಿಂದ ಮರಳಿದವರಿಗೆ ತುರ್ತಾಗಿ ಸೂರು ಕೊಡಲು 1944ರ ಕಾಯ್ದೆಯಡಿ ದೇಶದಾದ್ಯಂತ ಇಂಥ 1,56,000ಕ್ಕೂ ಹೆಚ್ಚು ಮನೆ ಎದ್ದವು. ಆಯಸ್ಸು ಹತ್ತು ವರ್ಷ ಎಂದು ಲೆಕ್ಕ. ಮೋಸ್ಲಿಯ ಈ ಸಾಲಿಗೆ 1998ರಲ್ಲಿ ಪಾರಂಪರಿಕ ಕಟ್ಟಡದ ರಕ್ಷಣೆ ಸಿಕ್ಕಿತು. ಕಾಲುದಾರಿಯಿಂದಲೇ ನೋಡಿ ಮುಂದೆ ಹೋಗಬೇಕು. ಹೊರಗಿನ ಹಲಗೆಗಳಲ್ಲಿ ಆಸ್ಬೆಸ್ಟಾಸ್ ಇದೆ. ಹಲಗೆ ಇಡಿಯಾಗಿದ್ದಾಗ ಅಪಾಯ ಕಡಿಮೆ. ಒಡೆದಾಗ, ಕೊರೆದಾಗ ಮಾತ್ರ ಎಳೆಗಳು ಗಾಳಿಗೆ ಬರುತ್ತವೆ. ಆದರೂ ಮುಟ್ಟಬಾರದು.

ಒಳಗೆ ಕಾಣಲು ಬ್ರಾಮ್ಸ್‌ಗ್ರೋವ್ ಪಕ್ಕದ ಏವನ್‌ಕ್ರಾಫ್ಟ್ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ನ್ಯೂ ಸ್ಟ್ರೀಟಿನಿಂದ ಬ್ರಾಮ್ಸ್‌ಗ್ರೋವಿಗೆ ರೈಲು, ಅಲ್ಲಿಂದ ಟ್ಯಾಕ್ಸಿ. ಬರ್ಮಿಂಗ್‌ಹ್ಯಾಮಿನ ಯಾರ್ಡ್ಲಿಯಿಂದ ಬಿಚ್ಚಿ ತಂದ 1946ರ ‘ಆರ್ಕಾನ್’ ಮಾದರಿಯ ಮನೆ ಅಲ್ಲಿದೆ: ಉಕ್ಕಿನ ಚೌಕಟ್ಟು, ಆಸ್ಬೆಸ್ಟಾಸ್ ಸಿಮೆಂಟಿನ ಹೊದಿಕೆ, ನೆತ್ತಿಯಲ್ಲಿ ದುಂಡಗೆ ಬಾಗಿದ ಸೂರು. ಪ್ರಿಫ್ಯಾಬ್ ಮನೆಗಳ ಅಳತೆ ಸುಮಾರು 635 ಚದರಡಿ. ಬೆಂಗಳೂರಿನ ಇಪ್ಪತ್ತು ಮೂವತ್ತರ ಸೈಟಿಗಿಂತ ಒಂದಿಷ್ಟು ಹೆಚ್ಚು. ಎರಡು ಮಲಗುವ ಕೋಣೆ, ಒಂದು ನಡುಮನೆ, ಅಡುಗೆಮನೆ, ಬಚ್ಚಲು, ಒಳಗೇ ಕಕ್ಕಸು.

ಅಡುಗೆಮನೆ ಮತ್ತು ಬಚ್ಚಲಿನ ನಡುವಿನ ಗೋಡೆಯನ್ನು ಗಮನಿಸಿ. ನೀರಿನ ಪೈಪುಗಳೆಲ್ಲ ಅದೊಂದರಲ್ಲೇ ಸೇರಿಸಿ ಕಾರ್ಖಾನೆಯಲ್ಲೇ ಕೂರಿಸುತ್ತಿದ್ದರು. ಪೈಪಿನ ಉದ್ದ ಉಳಿಯಿತು, ನಿವೇಶನದಲ್ಲಿ ಪ್ಲಂಬರನ ದಿನಗಳು ಉಳಿದವು. ನಡುಮನೆಯ ಒಲೆಯ ಬೆನ್ನಿಗೆ ಬಾಯ್ಲರ್. ಚಳಿ ಕಾಯಿಸಿಕೊಳ್ಳುವ ಬೆಂಕಿಯೇ ನೀರನ್ನೂ ಕಾಯಿಸುತ್ತದೆ. ಅಡುಗೆಮನೆಯಲ್ಲಿ ಫ್ರಿಜ್ ಕೂಡ ಇದೆ, ದುಡಿಯುವ ವರ್ಗದ ಮನೆಗಳಲ್ಲಿ ಫ್ರಿಜ್ ಎಂದರೇನೆಂದೇ ಗೊತ್ತಿಲ್ಲದ ಕಾಲದಲ್ಲಿ. ಮೊದಲ ದಿನ ಹಂಡೆ, ತಗಡಿನ ತೊಟ್ಟಿ ನೋಡಿ ಬಂದವರಿಗೆ, ಪ್ರಿಫ್ಯಾಬಿನಲ್ಲಿ ಬೆಳೆದವರು ಅದನ್ನು ‘ಅರಮನೆ’ ಅನ್ನುವುದು ಅತಿಶಯ ಅನ್ನಿಸುವುದಿಲ್ಲ. ಸುತ್ತ ಕೈತೋಟ, ನಾಲ್ಕೂ ಕಡೆ ಕಿಟಕಿ, ಬಿಸಿನೀರಿನ ನಲ್ಲಿ.

ತೊಂದರೆ ಇರಲಿಲ್ಲವೆಂದಲ್ಲ. ಗೋಡೆ ತೆಳು, ಸೂರು ತೆಳು. ಜನವರಿಯಲ್ಲಿ ಎದ್ದರೆ ಕಿಟಕಿಯ ಒಳಮೈಯಲ್ಲಿ ಮಂಜಿನ ಹೂಗಳು. ಕೋಣೆಯ ಹಬೆ ತಣ್ಣನೆಯ ಹಲಗೆಗೆ ತಾಗಿ ಇಳಿದು, ಉಕ್ಕಿನ ಚೌಕಟ್ಟು ಬುಡದಲ್ಲಿ ತುಕ್ಕು ಹಿಡಿಯುತ್ತಿತ್ತು.

ಇದೇ ಆವರಣದಲ್ಲಿ ಟೆಲಿಫೋನ್ ಪೆಟ್ಟಿಗೆಗಳ ರಾಷ್ಟ್ರೀಯ ಸಂಗ್ರಹವಿದೆ. ಅಲ್ಲಿ ‘ಎ’ ಮತ್ತು ‘ಬಿ’ ಗುಂಡಿಗಳ ಯಂತ್ರ ಹುಡುಕಿ. ಮೊದಲು ನಾಣ್ಯ ಹಾಕಿ ನಂಬರ್ ತಿರುಗಿಸಬೇಕು. ಆ ಕಡೆಯವರು ಎತ್ತಿದರೆ ‘ಎ’ ಒತ್ತಬೇಕು, ಆಗ ನಾಣ್ಯ ಪೆಟ್ಟಿಗೆಗೆ ಬಿದ್ದು ನಿಮ್ಮ ದನಿ ಅವರಿಗೆ ಕೇಳುತ್ತದೆ. ಎತ್ತದಿದ್ದರೆ ‘ಬಿ’ ಒತ್ತಿ ನಾಣ್ಯ ಹಿಂದಕ್ಕೆ ಪಡೆಯಬೇಕು. ಅವಸರದಲ್ಲಿ ‘ಬಿ’ ಒತ್ತದೆ ಹೋದವರ ಕಾಸು ಒಳಗೇ ಉಳಿಯುತ್ತಿತ್ತು. ಅದಕ್ಕೇ ಆ ಕಾಲದ ಮಕ್ಕಳು ಹಾದಿಯ ಪ್ರತಿ ಪೆಟ್ಟಿಗೆಗೂ ನುಗ್ಗಿ ‘ಬಿ’ ಒತ್ತಿ ನೋಡಿಯೇ ಮುಂದೆ ಹೋಗುತ್ತಿದ್ದುದು.

ನಾಲ್ಕನೆಯ ದಿನ: ಡಡ್ಲಿ, ಸ್ಮೆದಿಕ್

ಡಡ್ಲಿಯ ಬ್ಲ್ಯಾಕ್ ಕಂಟ್ರಿ ಬಯಲು ವಸ್ತುಸಂಗ್ರಹಾಲಯಕ್ಕೆ ಟಿಪ್ಟನ್ ರೈಲು ನಿಲ್ದಾಣದಿಂದ ಸುಮಾರು ಒಂದು ಮೈಲಿ. ಇಡೀ ದಿನಕ್ಕೆ ಸಾಲುವಷ್ಟಿದೆ. ಹೊತ್ತು ಕಡಿಮೆಯಿದ್ದರೆ 1940–60ರ ದಶಕಗಳ ಅಂಗಡಿಬೀದಿ ಮತ್ತು 1920ರ ದಶಕದ ಎರಕದ ಕಬ್ಬಿಣದ ಮನೆ ಸಾಕು. ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ: ಅಲ್ಲಿನ ಹಳೆಯ ಮಾದರಿಯ ಅಂಗಡಿಯಲ್ಲಿ ಆಲೂಗಡ್ಡೆ ಚಿಪ್ಸನ್ನೂ ದನದ ಕೊಬ್ಬಿನಲ್ಲೇ ಕರಿಯುತ್ತಾರೆ. ಆ ಕಾಲದ ರುಚಿ ಅದೇ, ಆದರೆ ಕೇಳದೆ ತಿನ್ನಬೇಡಿ.

ಮಧ್ಯಾಹ್ನ ಸ್ಮೆದಿಕ್. ಈ ಕಾಲದ ಇಂಗ್ಲಿಷ್ ಕೇರಿಯ ನೆನಪು ಎಂದರೆ ಬಿಳಿಯರ ನೆನಪು ಮಾತ್ರ ಎಂದುಕೊಂಡವರು ಇಲ್ಲಿಗೆ ಬರಲೇಬೇಕು. ಎರಕದ ಕಾರ್ಖಾನೆಗಳಿಗೆ ದುಡಿಯಲು ಬಂದ ಪಂಜಾಬಿ ಗಂಡಸರು ಒಂದೊಂದು ಮನೆಯಲ್ಲಿ ಹತ್ತಾರು ಜನ ಇದ್ದು, ಹಗಲು ಪಾಳಿಯವನು ಎದ್ದ ಹಾಸಿಗೆಯಲ್ಲಿ ರಾತ್ರಿ ಪಾಳಿಯವನು ಮಲಗುತ್ತಿದ್ದರು. 1962ರ ವಲಸೆ ಕಾಯ್ದೆ ಬಾಗಿಲು ಬಿಗಿಮಾಡುತ್ತದೆಂದು ತಿಳಿದು ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ಆ ಮಕ್ಕಳು ಇಲ್ಲಿಯೇ ಬೆಳೆದರು. ಹೈ ಸ್ಟ್ರೀಟಿನ ಗುರುನಾನಕ್ ಗುರುದ್ವಾರ 1961ರಲ್ಲಿ ಹಳೆಯ ಚರ್ಚೊಂದರ ಕಟ್ಟಡದಲ್ಲಿ ಆರಂಭವಾಯಿತು. ತಲೆಗೆ ಬಟ್ಟೆ ಹಾಕಿಕೊಂಡು, ಚಪ್ಪಲಿ ಬಿಟ್ಟು ಒಳಗೆ ಹೋದರೆ ಲಂಗರಿನಲ್ಲಿ ಎಲ್ಲರಿಗೂ ಊಟವುಂಟು.

ಮಾರ್ಷಲ್ ಸ್ಟ್ರೀಟ್ ಸಾಮಾನ್ಯ ಮನೆಗಳ ಸಾಮಾನ್ಯ ಬೀದಿ. ಇಲ್ಲಿನ ಖಾಲಿ ಮನೆಗಳನ್ನು ಕೊಂಡು ಬಿಳಿಯರಿಗಷ್ಟೇ ಬಾಡಿಗೆಗೆ ಕೊಡಬೇಕೆಂದು ಆಗಿನ ಸ್ಥಳೀಯ ಆಡಳಿತ ಹೊರಟಿತ್ತು. 12 ಫೆಬ್ರವರಿ 1965ರಂದು ಕರಿಯರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಅಮೆರಿಕದ ಮಾಲ್ಕಮ್ ಎಕ್ಸ್ ಈ ಬೀದಿಯಲ್ಲಿ ನಡೆದರು. ಭಾರತೀಯ ಕಾರ್ಮಿಕರ ಸಂಘದ ಅವತಾರ್ ಸಿಂಗ್ ಜೌಹಲ್, ಮಾಲ್ಕಮ್ ಅವರನ್ನು ಹತ್ತಿರದ ಬ್ಲೂ ಗೇಟ್ಸ್ ಪಬ್ಬಿಗೆ ಕರೆದೊಯ್ದಾಗ, ಕರಿಯರಿಗೆ, ಭಾರತೀಯರಿಗೆ ಒಂದು ಕೋಣೆಯಲ್ಲಿ ಕೊಡುವುದಿಲ್ಲವೆಂದು ನಿರಾಕರಿಸಿದರು. ಒಂಬತ್ತು ದಿನದ ಮೇಲೆ ಮಾಲ್ಕಮ್ ನ್ಯೂಯಾರ್ಕಿನಲ್ಲಿ ಗುಂಡಿಗೆ ಬಲಿಯಾದರು. ಅದೇ ವರ್ಷದ ಡಿಸೆಂಬರಿನಲ್ಲಿ, ಸಾರ್ವಜನಿಕ ಜಾಗಗಳಲ್ಲಿ ಇಂಥ ಭೇದವನ್ನು ತಡೆಯುವ ಮೊದಲ ಕಾನೂನು ಜಾರಿಗೆ ಬಂತು. ವಠಾರದ ಒಗ್ಗಟ್ಟಿನ ನೆನಪುಗಳನ್ನು ಕೇಳಿಸಿಕೊಳ್ಳುವಾಗ, ಅದೇ ಹೊತ್ತಿಗೆ ಯಾರಿಗೆ ಆ ಅಂಗಳದ ಬಾಗಿಲು ಮುಚ್ಚಿತ್ತೆಂದೂ ಕೇಳಬೇಕು.

ಈ ನಾಲ್ಕು ದಿನದಲ್ಲಿ ಎಲ್ಲಿಯಾದರೂ ಆ ಕಾಲದ ಹಿರಿಯರು ಮಾತಿಗೆ ಸಿಗುತ್ತಾರೆ. ವಠಾರದಲ್ಲಿ, ಬಸ್ಸಿನಲ್ಲಿ, ಗುರುದ್ವಾರದ ಪಂಕ್ತಿಯಲ್ಲಿ. ಕೇಳುವುದಕ್ಕೂ ಒಂದು ಕ್ರಮವುಂಟು. ‘ನಿಮ್ಮ ಬಾಲ್ಯ ಹೇಗಿತ್ತು’ ಎಂದರೆ ‘ಬಡವರಾಗಿದ್ದೆವು, ಸುಖವಾಗಿದ್ದೆವು’ ಎಂಬ ಸಿದ್ಧ ಉತ್ತರ ಬಂದು ಮಾತು ಅಲ್ಲಿಗೇ ನಿಲ್ಲುತ್ತದೆ. ‘ನಲ್ಲಿ ಎಲ್ಲಿತ್ತು? ಬೆಳಿಗ್ಗೆ ಒಲೆ ಹಚ್ಚುತ್ತಿದ್ದವರು ಯಾರು? ಕಲ್ಲಿದ್ದಲಿನವನು ಬಂದಾಗ ಚೀಲ ಎಣಿಸುತ್ತಿದ್ದವರು ಯಾರು?’ ಎಂದು ಕೇಳಿ. ಚೀಲಕ್ಕೆ 112 ಪೌಂಡು ತೂಕ. ದುಡ್ಡು ಕೊಟ್ಟಷ್ಟು ಚೀಲ ನೆಲಮಾಳಿಗೆಗೆ ಸುರಿದನೋ ಇಲ್ಲವೋ ಎಂದು ಖಾಲಿ ಚೀಲ ಎಣಿಸುವುದು ಮಕ್ಕಳ ಕೆಲಸವಾಗಿತ್ತು.

ವರ್ಷದ ವಿಷಯದಲ್ಲಿ ನೆನಪು ಬಹಳ ಸಲ ತಪ್ಪುತ್ತದೆ. ‘ಆ ದೊಡ್ಡ ಹಿಮಗಾಲ’ ಎಂದರೆ 1947ರದ್ದೋ 1962–63ರದ್ದೋ ಎಂದು ಬಿಡಿಸಿಕೊಳ್ಳಬೇಕು. ಕಲ್ಲಿದ್ದಲು ಸಿಗದೆ ಕರೆಂಟು ಹೋಗುತ್ತಿತ್ತು, ರೇಷನ್ ಪುಸ್ತಕವಿತ್ತು ಎಂದರೆ ಮೊದಲನೆಯದು. ಕ್ರಿಸ್ಮಸ್ ಮಾರನೆಯ ದಿನ ಹಿಮ ಬಿದ್ದು ಮಾರ್ಚಿನವರೆಗೆ ಕರಗಲಿಲ್ಲ, ಮನೆಯಲ್ಲಿ ಟಿವಿ ಇತ್ತು ಎಂದರೆ ಎರಡನೆಯದು. ಊರಿನ ಹಳೆಯ ಟ್ರಾಮುಗಳಲ್ಲಿ ಕೊನೆಯದು ಓಡಿದ್ದು 4 ಜುಲೈ 1953ರಂದು, ಮಾಂಸದ ರೇಷನ್ ಮುಗಿದದ್ದು ಮರುವರ್ಷ ಅದೇ ತಾರೀಖಿನಂದು. ಶಾಲೆಗೆ ಟ್ರಾಮಿನಲ್ಲಿ ಹೋದ ನೆನಪಿದ್ದರೆ ಅದು 1953ಕ್ಕೆ ಮುಂಚಿನದು. ಶಾಲೆಯಲ್ಲಿ ಪುಕ್ಕಟೆ ಕೊಡುತ್ತಿದ್ದ ಮೂರನೇ ಒಂದು ಪೈಂಟ್ ಹಾಲಿನ ಸೀಸೆಗೆ ಕಾಗದದ ಮುಚ್ಚಳವಿತ್ತೋ ಬೆಳ್ಳಿಬಣ್ಣದ ತಗಡಿನದಿತ್ತೋ ಎಂಬುದೂ ಒಂದು ಸುಳಿವು; ಕಾಗದದ್ದು ಹಳೆಯದು.

ಚೀಲದಲ್ಲಿ ಒಂದು ದೊಡ್ಡ ಬಿಳಿ ಹಾಳೆಯೂ ಎರಡು ಪೆನ್ಸಿಲುಗಳೂ ಇರಲಿ. ಅಂಗಳ ಬರೆಯಲು ಅವರ ಕೈಗೇ ಕೊಡಿ. ಮೊದಲು ನಲ್ಲಿ, ಆಮೇಲೆ ಬ್ರೂವಸ್, ಕಕ್ಕಸುಗಳು, ಬೀದಿಯಿಂದ ಒಳಗೆ ಬರುವ ಕಿರುದಾರಿ. ಅಣ್ಣತಮ್ಮಂದಿರಿಬ್ಬರು ಒಟ್ಟಿಗೆ ಕೂತಿದ್ದರೆ ಎರಡನೆಯ ಪೆನ್ಸಿಲ್ ಬೇಕಾಗುತ್ತದೆ. ಇಬ್ಬರ ಗೆರೆ ಬೇರೆ ಬೇರೆ ಕಡೆ ಹೋದರೆ ಯಾವುದನ್ನೂ ಅಳಿಸಬೇಡಿ, ಬರೆದವರ ಹೆಸರಿನ ಮೊದಲ ಅಕ್ಷರವನ್ನು ಗೆರೆಯ ಪಕ್ಕ ಗುರುತು ಹಾಕಿ, ತಾರೀಖು ಬರೆದಿಡಿ.